ನಿಂತ ಸೂರು, ನೇತಾಡೋ ಸೂರು

ಹದಿನೈದು ವರ್ಷದಿಂದ ನನ್ನ ಕೆಲ್ಸ ಫಾಲ್ಸ್ ಸೀಲಿಂಗ್. ಮೊದಲು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್, ಜಿಪ್ಸಂ ಸುಟ್ಟು ಮಾಡಿದ ಪುಡಿ) ಕಲಸಿಕೊಡೋ ಹುಡುಗನಾಗಿ ಸೇರ್ಕೊಂಡೆ, ಆಮೇಲೆ ಜಿಪ್ಸಂ ಬೋರ್ಡ್ ಬಂತು, ಈಗ ನಾಲ್ಕು ಜನ ಹುಡುಗ್ರನ್ನ ಇಟ್ಕೊಂಡು ಬೆಂಗಳೂರಲ್ಲಿ ಫ್ಲ್ಯಾಟು, ಕ್ಲಿನಿಕ್ಕು, ಬಟ್ಟೆ ಅಂಗಡಿ ಅಂತ ಮಾಡಿಕೊಡ್ತೀನಿ. ಬೆಳಿಗ್ಗೆಯಿಂದ ಸಂಜೆ ತನಕ ಕತ್ತು ಮೇಲೆತ್ತಿಕೊಂಡೇ ಇರೋ ಕೆಲ್ಸ. ಹಾಗಾಗಿ ಯಾವ ಊರಿಗೆ ಹೋದ್ರೂ ಯಾರ ಮನೆಗೆ ಹೋದ್ರೂ ಕಣ್ಣು ಮೊದಲು ಹೋಗೋದು ಮೇಲಕ್ಕೆ, ಮದುವೆಗೆ ಹೋದ್ರೆ ಹುಡುಗ ಹುಡುಗಿ ನೋಡೋಕೆ ಮುಂಚೆ ಛತ್ರದ ಸೀಲಿಂಗ್ ನೋಡಿರ್ತೀನಿ.

ನನ್ನ ಲೆಕ್ಕದಲ್ಲಿ ಸೂರು ಎರಡೇ ಥರ. ತಾನೇ ಭಾರ ಹೊತ್ಕೊಂಡು ನಿಂತಿರೋದು ಒಂದು, ಮೇಲಿರೋದನ್ನ ಹಿಡ್ಕೊಂಡು ನೇತಾಡೋದು ಇನ್ನೊಂದು. ನಾನು ಮಾಡೋದು ಎರಡನೇದು. ಆರ್‌ಸಿಸಿ ಸ್ಲ್ಯಾಬಿಗೆ ತೂತು ಹೊಡೆದು, ಕ್ಲೀಟ್ ಅನ್ನೋ ಕೊಂಡಿ ಬಡಿದು, ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಇಳಿಬಿಟ್ಟು, ಚಾನೆಲ್ ಕಟ್ಟಿ, ಅದಕ್ಕೆ ಬೋರ್ಡ್ ಸ್ಕ್ರೂ ಮಾಡೋದು. ತುಂಬಾ ವರ್ಷ ನನಗೆ ಒಳಗೊಳಗೇ ಒಂದು ಕೊರಗಿತ್ತು, ನಿಜವಾದ ಕೆಲ್ಸ ಅಂದ್ರೆ ನಿಂತಿರೋದು, ನಮ್ಮದು ಬರೀ ಮುಚ್ಚೋ ಕೆಲ್ಸ ಅಂತ. ಆ ಕೊರಗು ಹೇಗೆ ಹೋಯ್ತು ಅಂತ ಬರೀಬೇಕು ಅನ್ನಿಸ್ತು, ಅದಕ್ಕೆ ಈ ಪೋಸ್ಟ್.

ನಮ್ಮೂರು ಬನ್ನೂರಿನ ಹತ್ರ. ಸೋಮನಾಥಪುರ ಸೈಕಲ್ ದೂರ. ನಾನು ಐದನೇ ಕ್ಲಾಸಲ್ಲಿದ್ದಾಗ ಅಪ್ಪ ಸೈಕಲ್ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಅಲ್ಲಿನ ಕೇಶವ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ರು. ಹೊರಗಡೆ ಶಿಲ್ಪ ನೋಡಿದ್ದು ನನಗೆ ನೆನಪೇ ಇಲ್ಲ. ಒಳಗೆ ಹೋದಾಗ ಕತ್ತಲು, ಕಾಲಿಗೆ ತಣ್ಣಗೆ ಕಲ್ಲು, ಬಾವಲಿ ವಾಸನೆ. ಅಲ್ಲಿದ್ದ ಒಬ್ಬ ಅಜ್ಜ ಬಾಗಿಲ ಹತ್ರ ಒಂದು ಕನ್ನಡಿ ಹಿಡ್ಕೊಂಡು ಬಿಸಿಲನ್ನ ಒಳಕ್ಕೆ ತಿರುಗಿಸಿದ್ರು ನೋಡಿ, ಆ ಬೆಳಕು ನೆಲದ ಮೇಲೆ ಓಡಿ, ಕಂಬ ಹತ್ತಿ, ಮೇಲೆ ಹೋಗಿ ನಿಂತ್ಕೊಳ್ತು. ತಲೆ ಮೇಲೆ ಕಲ್ಲಿನ ಬಾಳೆಮೊಗ್ಗು! ಬುಡ ಮೇಲೆ, ತುದಿ ಕೆಳಗೆ, ಒಂದೊಂದೇ ಪಕಳೆ ಬಿಚ್ಚಿಕೊಳ್ತಾ ಇರೋ ಹಾಗೆ. ಅಜ್ಜ ಕನ್ನಡಿ ಸ್ವಲ್ಪ ಅಲ್ಲಾಡಿಸಿದ್ರೆ ಆ ಮೊಗ್ಗು ಉಸಿರಾಡಿದ ಹಾಗೆ ಕಾಣ್ತಿತ್ತು. ಅಪ್ಪ ಏನೂ ಹೇಳಲಿಲ್ಲ, ಹೆಗಲ ಮೇಲಿದ್ದ ಟವಲ್ ತೆಗೆದು ನೆಲಕ್ಕೆ ಹಾಸಿ, ಮಲ್ಕೊಂಡು ನೋಡು ಅಂದ್ರು ಅಷ್ಟೇ.

ಆ ದೇವಸ್ಥಾನ 13ನೇ ಶತಮಾನದ್ದು, ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೂ ಸೇರ್ತು. ಒಳಗೆ 16 ಭುವನೇಶ್ವರಿಗಳಿವೆ (ಕಂಬಗಳ ಮಧ್ಯದ ಚಾವಣಿಗೆ ನಮ್ಮ ಕಡೆ ಭುವನೇಶ್ವರಿ ಅಂತಾರೆ, ಎಂಥ ಹೆಸರು ನೋಡಿ), ಒಂದರ ಹಾಗೆ ಇನ್ನೊಂದಿಲ್ಲ. ಈ ಕೆಲ್ಸಕ್ಕೆ ಬಂದ ಮೇಲೆ ಮತ್ತೆ ಹೋಗಿ ನೋಡಿದಾಗ ಅದು ಹೇಗೆ ನಿಂತಿದೆ ಅನ್ನೋದು ಅರ್ಥ ಆಯ್ತು. ನಾಲ್ಕು ಕಂಬ, ಮೇಲೆ ನಾಲ್ಕು ತೊಲೆ, ಅಲ್ಲಿಗೆ ಒಂದು ಚೌಕ. ಆ ಚೌಕದ ಮೂಲೆಗಳಿಗೆ ಅಡ್ಡ ಕಲ್ಲಿಟ್ರೆ ಎಂಟು ಮೂಲೆ ಆಗುತ್ತೆ, ಅದರ ಮೇಲಿನ ಸುತ್ತು ಇನ್ನೊಂದು ಚೂರು ಒಳಕ್ಕೆ ಚಾಚುತ್ತೆ, ಅದರ ಮೇಲಿಂದು ಇನ್ನೊಂದು ಚೂರು. ಹೀಗೆ ಬಾಯಿ ಸಣ್ಣದಾಗ್ತಾ ಆಗ್ತಾ ಕೊನೆಗೆ ಒಂದು ಮುಚ್ಚುಗಲ್ಲು. ಗಾರೆ ಇಲ್ಲ, ಅಂಟಿಲ್ಲ. ಪ್ರತಿ ಕಲ್ಲಿನ ಮೂತಿ ಒಳಗೆ ಚಾಚಿರುತ್ತೆ, ಬಾಲ ಮೇಲಿನ ಭಾರದ ಅಡಿಗೆ ಸಿಕ್ಕಿಕೊಂಡಿರುತ್ತೆ, ಆ ಭಾರವೇ ಅದನ್ನ ಬೀಳದ ಹಾಗೆ ಹಿಡ್ಕೊಂಡಿರೋದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಇದ್ದಷ್ಟೂ ಗಟ್ಟಿ ಆಗ್ತಾ ಹೋಗುತ್ತೆ, ಅದಕ್ಕೇ ಅಷ್ಟು ಸಣ್ಣ ಕುಸುರಿ ಸಾಧ್ಯ ಆಗಿದ್ದು. ನಾನು 12.5 ಎಂಎಂ ಬೋರ್ಡಿಗೆ ಇಪ್ಪತ್ತು ಸ್ಕ್ರೂ ಹೊಡೆದು ಇನ್ನೂ ಒಂದು ಹೊಡೀಲಾ ಅಂತ ಯೋಚನೆ ಮಾಡೋನು, ಈ ಜನ ಟನ್‌ಗಟ್ಟಲೆ ಕಲ್ಲನ್ನ ಒಂದು ಮೊಳೆ ಇಲ್ಲದೆ ತಲೆ ಮೇಲೆ ನಿಲ್ಲಿಸಿ, ಅದನ್ನ ಹೂವು ಅಂತ ನಂಬಿಸಿದ್ರು.

ಇದೇ ಹುಚ್ಚಲ್ಲಿ ರಾತ್ರಿ ಊಟ ಆದ್ಮೇಲೆ ಪ್ರಪಂಚದ ಬೇರೆ ಬೇರೆ ಸೂರುಗಳ ಬಗ್ಗೆ ಓದೋದು, ವಿಡಿಯೋ ನೋಡೋದು ಶುರುವಾಯ್ತು. ಹೊರದೇಶಕ್ಕೆ ನಾನು ಹೋಗಿಲ್ಲ. ಆದ್ರೆ ಓದ್ತಾ ಓದ್ತಾ ಒಂದು ವಿಷ್ಯ ಸಿಕ್ತು, ಅವತ್ತು ನಿದ್ದೆನೇ ಬರಲಿಲ್ಲ. ರೋಮಿನಲ್ಲಿ ಮೈಕೆಲ್ಯಾಂಜೆಲೊ ಅನ್ನೋ ಕಲಾವಿದ ಸಿಸ್ಟೀನ್ ಚಾಪೆಲ್ಲಿನ (ಪೋಪ್ ಅವರ ಪ್ರಾರ್ಥನಾ ಮಂದಿರ) ಸೂರಿಗೆ ಬಣ್ಣ ಹಾಕಿದ್ದು 1508ರಿಂದ 1512. ನಮ್ಮ ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ಹಂಪಿ ವಿರೂಪಾಕ್ಷನಿಗೆ ರಂಗಮಂಟಪ ಕಟ್ಟಿಸಿದ್ದು 1510. ಇಂಗ್ಲೆಂಡಿನ ಕೇಂಬ್ರಿಡ್ಜಲ್ಲಿ ಕಿಂಗ್ಸ್ ಕಾಲೇಜ್ ಚಾಪೆಲ್ಲಿಗೆ ಜಾನ್ ವಾಸ್ಟೆಲ್ ಅನ್ನೋ ಮೇಸ್ತ್ರಿ ಕಲ್ಲಿನ ಸೂರು ಕಟ್ಟಿದ್ದು 1512ರಿಂದ 1515. ಎಂಟು ವರ್ಷದ ಒಳಗೆ ಮೂರು ದೇಶ, ಮೂರು ಸೂರು! ಒಬ್ರಿಗೆ ಇನ್ನೊಬ್ರ ಸುಳಿವಿಲ್ಲ. ತುಂಗಭದ್ರೆ ದಂಡೇಲಿ ಒಬ್ಬ ಮೇಸ್ತ್ರಿ ಕತ್ತೆತ್ತಿ ಚಪ್ಪಡಿ ಕೂರಿಸ್ತಾ ಇದ್ದ ಹೊತ್ತಲ್ಲೇ ರೋಮಲ್ಲಿ ಒಬ್ಬ ಕತ್ತೆತ್ತಿ ಗಾರೆ ಮೇಲೆ ಕುಂಚ ಆಡಿಸ್ತಿದ್ದ ಅಂತ ಅಂದ್ಕೊಂಡ್ರೆ ನನಗೆ ಮೈ ಜುಂ ಅನ್ನುತ್ತೆ.

ಹಂಪಿ ಮಂಟಪದ ಸೂರಲ್ಲಿ ಕಲ್ಲಿಗೆ ಸುಣ್ಣದ ಗಾರೆ ಬಳಿದು ಅದರ ಮೇಲೆ ಚಿತ್ರ ಬರೆದಿದಾರೆ, ವಿದ್ಯಾರಣ್ಯರು ಪಲ್ಲಕ್ಕೀಲಿ ಹೋಗೋ ಮೆರವಣಿಗೆ, ಅರ್ಜುನ ಮತ್ಸ್ಯಯಂತ್ರಕ್ಕೆ ಬಾಣ ಹೂಡಿರೋದು, ಗಿರಿಜಾ ಕಲ್ಯಾಣ. ಬಣ್ಣ ಎಲ್ಲಾ ಮಂಟಪದಷ್ಟು ಹಳೇದಲ್ಲ, ಆಮೇಲಿನ ಕಾಲದಲ್ಲಿ ಮತ್ತೆ ಬರೆದದ್ದು ಅಂತ ಹೇಳೋ ವಿದ್ವಾಂಸರಿದಾರೆ. ಇರ್ಲಿ, ಮಧ್ಯಾಹ್ನ ಬಿಸಿಲಲ್ಲಿ ಹಂಪಿ ಸುತ್ತಿ ಸುಸ್ತಾಗಿ ಅದರ ಕೆಳಗೆ ಕೂತಾಗ ಆ ಕೆಂಪು ಮಣ್ಣಿನ ಬಣ್ಣ ಕಣ್ಣಿಗೆ ಕೊಡೋ ತಂಪು ನಾನು ಬೇರೆಲ್ಲೂ ಕಂಡಿಲ್ಲ.

ಸಿಸ್ಟೀನ್ ಚಾಪೆಲ್ ಬಗ್ಗೆ ಎಲ್ಲರೂ ಬರೀತಾರೆ, ದೇವರ ಬೆರಳು ಆದಮನ ಬೆರಳು ಅಂತ. ನನಗೆ ಹಿಡಿಸಿದ್ದು ಅದರ ಸೈಟಿನ ಕಥೆ. ಸುಮಾರು 40 ಮೀಟರ್ ಉದ್ದ, 13 ಮೀಟರ್ ಅಗಲ, ನೆಲದಿಂದ 20 ಮೀಟರ್ ಎತ್ತರ. ಮೊದಲನೇ ತಲೆನೋವು ಸಾರವೆ. ಬ್ರಮಾಂಟೆ ಅನ್ನೋ ದೊಡ್ಡ ವಾಸ್ತುಶಿಲ್ಪಿ ಸೂರಿಗೇ ತೂತು ಹೊಡೆದು ಹಗ್ಗದಲ್ಲಿ ಸಾರವೆ ಇಳಿಬಿಡೋ ಪ್ಲಾನ್ ಹಾಕಿದ್ನಂತೆ. ಕೆಲ್ಸ ಮುಗಿದ ಮೇಲೆ ಆ ತೂತು ಹೇಗಪ್ಪಾ ಮುಚ್ಚೋದು ಅಂತ ಮೈಕೆಲ್ಯಾಂಜೆಲೊ ಕೇಳಿದ್ನಂತೆ. ಸೈಟಲ್ಲಿ ಕೆಲ್ಸ ಮಾಡೋನು ಮಾತ್ರ ಕೇಳೋ ಪ್ರಶ್ನೆ ಅದು! ಕೊನೆಗೆ ಆತ ಕಿಟಕಿಗಳ ಹತ್ರ ಗೋಡೆಯಿಂದ ಮರದ ಆಧಾರ ಚಾಚಿ ಅದರ ಮೇಲೆ ಹಲಗೆ ಹಾಸಿದ. ಮಲಗಿಕೊಂಡು ಬರೆದ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗಲ್ಲ, ನಿಂತ್ಕೊಂಡೇ ಕತ್ತು ಹಿಂದಕ್ಕೆ ಬಗ್ಗಿಸಿ ಬರೆದದ್ದು, ಮುಖದ ಮೇಲೆಲ್ಲಾ ಬಣ್ಣ ತೊಟ್ಟಿಕ್ಕೋದನ್ನ ಒಬ್ಬ ಸ್ನೇಹಿತನಿಗೆ ಪದ್ಯ ಮಾಡಿ ಬೇರೆ ಕಳಿಸಿದ್ದ. ನನ್ನ ಹುಡುಗ್ರಿಗೆ ಇದನ್ನ ಹೇಳಿದಾಗ ಒಬ್ಬ ತನ್ನ ಕತ್ತು ಒತ್ಕೊಂಡು, ಅಣ್ಣ ನಾಲ್ಕು ವರ್ಷಾನಾ ಅಂತ ಕೇಳ್ದ.

ಎರಡನೇ ತಲೆನೋವು ಗಾರೆ. ಹಸಿ ಸುಣ್ಣದ ಗಾರೆ ಬಳಿದು, ಅದು ಒಣಗೋ ಮುಂಚೆ ಅದರ ಮೇಲೆ ಬಣ್ಣ ಹಾಕ್ಬೇಕು, ಸುಣ್ಣ ಒಣಗ್ತಾ ಗಾಳಿ ಕುಡಿದು ಕಲ್ಲಾಗುತ್ತಲ್ಲ, ಆಗ ಬಣ್ಣ ಅದರೊಳಗೇ ಸೇರಿ ಗಟ್ಟಿ ಆಗ್ಬಿಡುತ್ತೆ. ಅಂದ್ರೆ ಇವತ್ತು ಎಷ್ಟು ಬರೆಯೋಕಾಗುತ್ತೋ ಅಷ್ಟೇ ಜಾಗಕ್ಕೆ ಇವತ್ತು ಗಾರೆ. ಶುರುವಿನಲ್ಲಿ ಗಾರೆ ಒದ್ದೆ ಜಾಸ್ತಿ ಆಗಿ ಬೂಷ್ಟು ಹಿಡೀತು, ಇದು ನನ್ನ ಕೈಲಿ ಆಗಲ್ಲ ಅಂತ ಆತ ಪೋಪ್ ಹತ್ರ ಹೋಗಿದ್ದೂ ಉಂಟು. ಆಮೇಲೆ ಹದ ಬದಲಾಯಿಸಿ ಸರಿಮಾಡಿಕೊಂಡ್ರು. ಇನ್ನೊಂದು ವಿಷ್ಯ, ಬಾಗಿಲ ಕಡೆಯಿಂದ ಶುರು ಮಾಡಿದ್ದು, ಅಲ್ಲಿನ ಜಲಪ್ರಳಯದ ಚಿತ್ರದಲ್ಲಿ ಸಣ್ಣ ಸಣ್ಣ ಜನ ತುಂಬಿ ತುಳುಕ್ತಾರೆ. ಅರ್ಧ ಕೆಲ್ಸ ಆಗಿ ಸಾರವೆ ಬಿಚ್ಚಿದ ಮೇಲೆ ಬರೆದ ಚಿತ್ರಗಳಲ್ಲಿ ಜನ ಕಮ್ಮಿ, ಆಕಾರ ದೊಡ್ಡದು. ಕೆಳಗಿಂದ ನೋಡಿದಾಗಲೇ ಅವನಿಗೆ ಗೊತ್ತಾಗಿದ್ದು. ಸಾರವೆ ಮೇಲೆ ಮೂಗಿನ ಹತ್ರ ಚೆನ್ನಾಗಿ ಕಾಣೋದೇ ಬೇರೆ, ನೆಲದ ಮೇಲೆ ನಿಂತೋರಿಗೆ ಕಾಣೋದೇ ಬೇರೆ. ನಾನು ಈಗಲೂ ದಿನಕ್ಕೆ ನಾಲ್ಕು ಸಲ ಏಣಿ ಇಳಿದು ಬಾಗಿಲ ಹತ್ರ ಹೋಗಿ ನಿಂತು ನೋಡ್ತೀನಿ.

ಕಿಂಗ್ಸ್ ಕಾಲೇಜ್ ಚಾಪೆಲ್ಲಿಂದು ಬೀಸಣಿಗೆ ಸೂರು. ಎರಡೂ ಕಡೆ ಗೋಡೆಯಿಂದ ಕಲ್ಲಿನ ಎಳೆಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡ್ಕೊಂಡು ಮಧ್ಯದಲ್ಲಿ ಬಂದು ಕೂಡುತ್ತವೆ, 88 ಮೀಟರ್ ಉದ್ದಕ್ಕೂ ಹೀಗೇ, ಈ ಥರದ್ದರಲ್ಲಿ ಪ್ರಪಂಚಕ್ಕೇ ದೊಡ್ಡದು. ಒಳಗೆ ನಿಂತರೆ ಭಾರ ಅನ್ನೋದೇ ಕಾಣಲ್ಲ, ಭಾರ ಎಲ್ಲಾ ಹೊರಗಡೆ ಗೋಡೆಗೆ ಒರಗಿಸಿರೋ ದಪ್ಪ ದಪ್ಪ ಆನಿಕೆಗಳ ಮೇಲೆ ಹೋಗಿದೆ.

ಭಾರ ಹೊರಗೆ ತಳ್ಳೋದಕ್ಕೆ ಬಿಡದೆ ಇದ್ದ ಜಾಗದಲ್ಲೇ ಕಟ್ಟಿಹಾಕಿದ್ದು ನೋಡ್ಬೇಕಾದ್ರೆ ವಿಜಯಪುರಕ್ಕೆ ಹೋಗ್ಬೇಕು. ಗೋಲ್ ಗುಂಬಜಿನಲ್ಲಿ ಒಬ್ಬ ಕಾವಲುಗಾರರು ನನ್ನ ಮುಖ ನೋಡಿ, ಮ್ಯಾಲ ನೋಡ್ರಿ ಸರ, ನಡುವ ಒಂದ್ ಕಂಬಾನೂ ಇಲ್ರಿ ಅಂದ್ರು. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೆ ಎಂಟು ಮೂಲೆಯ ಬಾಯಿ ಮಾಡಿಕೊಡುತ್ತವೆ, ಅದರ ಮೇಲೆ ಗುಮ್ಮಟ. ಗುಮ್ಮಟ ಹೊರಕ್ಕೆ ಒದೀತಾ ಇದ್ರೆ ಒಳಕ್ಕೆ ಬಾಗಿರೋ ಈ ಕಮಾನುಗಳ ಭಾರ ಅದನ್ನ ಹಿಡಿದು ನಿಲ್ಲಿಸುತ್ತೆ. ಒಳಗಿನ ಅಗಲ ಸುಮಾರು 38 ಮೀಟರ್. ಚಿತ್ರ ಇಲ್ಲ, ಹೂವಿಲ್ಲ, ಬರೀ ಬೋಳು ಗುಮ್ಮಟ. ಎಲ್ಲರೂ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳೋಕೆ ಪಿಸುಗುಟ್ಟೋ ಗ್ಯಾಲರಿಗೆ ಓಡ್ತಾರೆ, ದಯವಿಟ್ಟು ಮೊದಲು ಕೆಳಗೆ ಮಧ್ಯದಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ಮೇಲೆ ನೋಡಿ, ಆಮೇಲೆ ಹತ್ತಿ.

ರೋಮಿನ ಪ್ಯಾಂಥಿಯನ್ ಅನ್ನೋ ಹಳೇ ದೇವಾಲಯದ ಗುಮ್ಮಟ ಇದಕ್ಕಿಂತ ದೊಡ್ಡದು, 43 ಮೀಟರಿಗೂ ಮೇಲೆ, ಅದೂ ಹೆಚ್ಚುಕಮ್ಮಿ 1900 ವರ್ಷದ ಹಿಂದೆ, ಕಬ್ಬಿಣ ಹಾಕದ ಬರೀ ಕಾಂಕ್ರೀಟಲ್ಲಿ. ಕೆಳಗೆ ತೂಕದ ಕಲ್ಲು ಹಾಕಿದ ಕಾಂಕ್ರೀಟು, ಮೇಲೆ ಹೋಗ್ತಾ ಹೋಗ್ತಾ ಹಗುರಾಗಿ, ತುದೀಲಿ ಜ್ವಾಲಾಮುಖಿಯ ಹಗುರ ಕಲ್ಲು ಹಾಕಿದ್ದು. ನಟ್ಟನಡುವೆ ತೆರೆದ ಕಣ್ಣು ಬಿಟ್ಟಿದಾರೆ, ಅಲ್ಲಿಂದ ಬಿಸಿಲೂ ಬರುತ್ತೆ, ಮಳೆನೂ ಬರುತ್ತೆ. ನೀರು ನಿಲ್ಲಬಾರ್ದು ಅಂತ ನೆಲಾನ ಸ್ವಲ್ಪ ಉಬ್ಬಿಸಿ ತೂತು ಕೊರೆದಿದಾರೆ.

ನೀರು ಅಂದ್ರೆ ನನಗೆ ಭಯ. ನಮ್ಮ ಕೆಲ್ಸಕ್ಕೆ ಶತ್ರು ಅದೊಂದೇ. ನಾಲ್ಕು ವರ್ಷದ ಹಿಂದೆ ಒಂದು ಫ್ಲ್ಯಾಟಲ್ಲಿ ನಾನು ಮಾಡಿದ ಹಾಲಿನ ಸೀಲಿಂಗ್, ತುಂಬಾ ಮನಸ್ಸಿಟ್ಟು ಮಾಡಿದ್ದು, ಮೇಲಿನ ಮನೆ ಬಾತ್‌ರೂಮು ಲೀಕಾಗಿ ಒಂದು ಮೂಲೆಯಿಂದ ನೀರು ಕುಡಿಯೋಕೆ ಶುರುಮಾಡ್ತು. ಮೊದಲು ಚಹಾ ಚೆಲ್ಲಿದ ಹಾಗೆ ಒಂದು ಕಲೆ, ಆಮೇಲೆ ಬೋರ್ಡು ಹೊಟ್ಟೆ ಬಿಟ್ಟ ಹಾಗೆ ಇಳೀತು, ಒಂದು ರಾತ್ರಿ ಬಿದ್ದೇಹೋಯ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದ್ರೆ ಮನೆಯವರು ಆ ಪುಡಿ ಪುಡಿ ಆದ ಬೋರ್ಡು ತೋರಿಸಿ, ಮೇಲೆ ಥಳಕು ಒಳಗೆ ಹುಳುಕು ಅಂದ್ರಲ್ಲ, ಆ ಮಾತು ಎಷ್ಟೋ ದಿನ ಚುಚ್ತಾ ಇತ್ತು. ಸ್ಲ್ಯಾಬ್ ಸೋರಿದ್ರೆ ನಾನೇನು ಮಾಡ್ಲಿ ಅಂತ ಹೇಳ್ಬಹುದಿತ್ತು, ಹೇಳಲಿಲ್ಲ, ಯಾಕಂದ್ರೆ ನನ್ನ ಮನಸ್ಸಲ್ಲೂ ಅದೇ ಅನುಮಾನ ಇತ್ತಲ್ಲ. ಕಲ್ಲಿನ ಸೂರು ಏಳೂವರೆ ನೂರು ವರ್ಷ ಬಾಳಿಕೆ ಬರ್ತಾ ಇದೆ, ನಮ್ಮದು ಒಂದು ಲೀಕಿಗೆ ನೆಲ ಕಚ್ಚುತ್ತೆ.

ಆ ವಾರದಲ್ಲೇ ಓದಿದ್ದು ಇಸ್ತಾಂಬುಲ್ಲಿನಲ್ಲಿ ಚರ್ಚಾಗಿ ಕಟ್ಟಿದ ಹಾಗಿಯಾ ಸೋಫಿಯಾ ಕಥೆ. 537ರಲ್ಲಿ ಮುಗಿದ ಗುಮ್ಮಟ, ಭೂಕಂಪಕ್ಕೆ ಸಿಕ್ಕಿ 558ರಲ್ಲಿ ಬಿತ್ತು. ಮತ್ತೆ ಕಟ್ಟಿದಾಗ ಮೊದಲಿಗಿಂತ ಎತ್ತರ ಮಾಡಿದ್ರು, ಚಪ್ಪಟೆ ಇದ್ದಷ್ಟೂ ಗುಮ್ಮಟ ಹೊರಕ್ಕೆ ಒದೆಯೋದು ಜಾಸ್ತಿ, ಎತ್ತರ ಆದಷ್ಟೂ ಭಾರ ನೆಟ್ಟಗೆ ಕೆಳಕ್ಕೆ ಇಳಿಯುತ್ತೆ. ಬುಡದಲ್ಲಿ ಸುತ್ತ 40 ಕಿಟಕಿ, ಆ ಬೆಳಕಲ್ಲಿ ಗುಮ್ಮಟ ಗಾಳೀಲಿ ತೇಲಿದ ಹಾಗೆ ಕಾಣುತ್ತೆ. ಆಮೇಲೂ ಅಲ್ಲಲ್ಲಿ ಬಿದ್ದಿದೆ, ಸರಿಮಾಡಿದಾರೆ, ಇನ್ನೂ ನಿಂತಿದೆ. ಇದನ್ನ ಓದಿ ಒಂದು ಚೂರು ಸಮಾಧಾನ ಆಯ್ತು.

ಪೂರ್ತಿ ಸಮಾಧಾನ ಆಗಿದ್ದು ಸ್ಪೇನಿನ ಗ್ರನಾಡ ಊರಿನ ಅಲ್ಹಂಬ್ರ ಅರಮನೆಯಿಂದ. ಜಿಪ್ಸಂ ಬಗ್ಗೆ ಏನೋ ಹುಡುಕ್ತಾ ಇದ್ದೆ. ಅಲ್ಲಿ ಇಬ್ಬರು ಅಕ್ಕತಂಗಿಯರ ಹಜಾರ ಅಂತ ಒಂದು ಕೋಣೆ ಇದೆ, 14ನೇ ಶತಮಾನದಲ್ಲಿ ಐದನೇ ಮುಹಮ್ಮದ್ ಅನ್ನೋ ಸುಲ್ತಾನನ ಕಾಲದ್ದು. ಅದರ ಸೂರು ನೋಡಿದ್ರೆ ಜೇನುಗೂಡು, ಹತ್ತಿರ ಹೋದ್ರೆ ಸುಣ್ಣದ ಗುಹೇಲಿ ತೊಟ್ಟಿಕ್ಕಿ ಹೆಪ್ಪುಗಟ್ಟಿದ ಹನಿಗಳ ಹಾಗೆ. ಐದು ಸಾವಿರ ಚಿಲ್ಲರೆ ಸಣ್ಣ ಸಣ್ಣ ಗೂಡುಗಳು, ಒಂದರ ಮೇಲೊಂದು, ಒಂದರ ಪಕ್ಕ ಒಂದು ಸೇರ್ಕೊಂಡು ಗುಮ್ಮಟ ಆಗಿವೆ. ಈ ಕೆಲ್ಸಕ್ಕೆ ಮುಕರ್ನಸ್ ಅಂತಾರೆ. ಲೆಕ್ಕ ಹಾಕಿದ್ರೆ ಮೂಲ ಆಕಾರ ಬೆರಳೆಣಿಕೆಯಷ್ಟೇ, ಅದನ್ನೇ ತಿರುಗಿಸಿ ತಿರುಗಿಸಿ ಜೋಡಿಸಿದ್ದು. ಗುಮ್ಮಟದ ಕೆಳಗೆ ಸುತ್ತಲೂ ಜೋಡಿ ಕಿಟಕಿಗಳಿವೆ, ಸೂರ್ಯ ಸುತ್ತಿದ ಹಾಗೆ ಒಂದು ಕಡೆ ಗೂಡುಗಳು ಬೆಳಗಿ ಇನ್ನೊಂದು ಕಡೆ ಗೂಡುಗಳು ನೆರಳಿಗೆ ಹೋಗಿ, ಸೂರೇ ತಿರುಗ್ತಾ ಇದೆ ಅನ್ನಿಸುತ್ತೆ. ಇಬ್ನ್ ಝಮ್ರಕ್ ಅನ್ನೋ ಕವಿ ಆ ಗುಮ್ಮಟವನ್ನ ನಕ್ಷತ್ರಗಳಿಗೆ ಹೋಲಿಸಿ ಬರೆದ ಪದ್ಯ ಅದೇ ಕೋಣೆ ಗೋಡೆ ಮೇಲೆ ಕೆತ್ತಿದೆ.

ಮುಂದಿನದು ಓದಿ ನಾನು ಎದ್ದು ಕೂತೆ. ಅದು ಕಲ್ಲಲ್ಲ, ಜಿಪ್ಸಂ ಪ್ಲಾಸ್ಟರ್! ಅದು ಯಾವ ಭಾರಾನೂ ಹೊತ್ತಿಲ್ಲ. ಮಳೆ ಬಿಸಿಲು ತಡ್ಕೊಳ್ಳೋ ಹೆಂಚಿನ ಮಾಡು, ಮರದ ಕಟ್ಟಡ ಎಲ್ಲಾ ಅದರ ಮೇಲಿದೆ, ಈ ಜೇನುಗೂಡು ಅದರ ಆಶ್ರಯದಲ್ಲಿ ಒಳಗಡೆ ಇದೆ. ಅಂದ್ರೆ ನಮ್ಮ ಮಾತಲ್ಲಿ ಹೇಳ್ಬೇಕಾದ್ರೆ ಅದೂ ಫಾಲ್ಸ್ ಸೀಲಿಂಗೇ. ನಾನು ಬಾಂಡ್ಲೀಲಿ ಕಲಸೋದು ಯಾವುದೋ ಅದನ್ನೇ ಅವರೂ ಕಲಸಿದ್ದು. ನೀರು ಹಾಕಿ ಕಲಸಿದ ಐದತ್ತು ನಿಮಿಷಕ್ಕೆ ಪಿಒಪಿ ಬೆಚ್ಚಗಾಗುತ್ತೆ, ಬಾಂಡ್ಲಿ ಹೊರಗಡೆ ಕೈ ಇಟ್ರೆ ಗೊತ್ತಾಗುತ್ತೆ, ಆ ಬಿಸಿ ಬಂತು ಅಂದ್ರೆ ಇನ್ನು ಕೈ ಚುರುಕು ಮಾಡ್ಬೇಕು ಅಂತ ಅರ್ಥ. ಗ್ರನಾಡದ ಆ ಕೆಲಸಗಾರನ ಅಂಗೈಗೂ ಇದೇ ಬೆಚ್ಚಗೆ ತಾಗಿರುತ್ತೆ. ಮೇಲಿನ ಮಾಡು ಸೋರದ ಹಾಗೆ ನೋಡ್ಕೊಂಡ್ರು, ಆರು ನೂರು ವರ್ಷ ದಾಟಿದ್ರೂ ಅದು ಅಲ್ಲೇ ಇದೆ. ಹುಳುಕು ಜಿಪ್ಸಂದಲ್ಲ, ನೇತಾಡೋದರದ್ದೂ ಅಲ್ಲ.

ಅವತ್ತಿಂದ ನಾನು ಎರಡು ಪದ್ಧತಿ ಇಟ್ಕೊಂಡೆ. ಮೇಲಿನ ಸ್ಲ್ಯಾಬು ಒಣಗಿದೆಯಾ, ಮೇಲೆ ಬಾತ್‌ರೂಮು ಎಲ್ಲಿ ಬರುತ್ತೆ ಅಂತ ನೋಡದೆ, ಅಡ್ವಾನ್ಸ್ ಕೊಡ್ತೀನಿ ಅಂದ್ರೂ ಒಂದು ಸ್ಕ್ರೂ ಹೊಡೆಯಲ್ಲ. ಇನ್ನೊಂದು, ಪ್ರತಿ ಮನೇಲಿ ದೇವರ ಕೋಣೆ ಸೂರು ಮಾತ್ರ ಬೋರ್ಡಲ್ಲಿ ಮಾಡಲ್ಲ, ಪಿಒಪಿ ಕಲಸಿ ಅಚ್ಚಲ್ಲಿ ಹಾಕಿ ಕೈಯಾರೆ ಮಾಡ್ತೀನಿ, ಅದಕ್ಕೆ ಎಕ್ಸ್‌ಟ್ರಾ ದುಡ್ಡು ಕೇಳಲ್ಲ.

ಹೋದ ತಿಂಗಳು ಮಗಳನ್ನ ಸೋಮನಾಥಪುರಕ್ಕೆ ಕರ್ಕೊಂಡು ಹೋಗಿದ್ದೆ. ಅಜ್ಜ ಇಲ್ಲ, ಕನ್ನಡಿನೂ ಇಲ್ಲ. ಅವಳು ನನ್ನ ಫೋನ್ ಇಸ್ಕೊಂಡು ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಅಂಗೈ ಮೇಲೆ ತಟ್ಟೆ ಹಾಗೆ ಹಿಡ್ಕೊಂಡು, ಕತ್ತು ಎತ್ತದೇನೇ ಸ್ಕ್ರೀನಲ್ಲಿ ಸೂರು ನೋಡ್ತಾ ಒಂದೊಂದೇ ಅಂಕಣ ದಾಟ್ತಾ ಇದ್ಲು. ಹದಿನೈದು ವರ್ಷ ಈ ಕೆಲ್ಸ ಮಾಡಿ ನನಗೆ ಹೊಳೀದೇ ಇದ್ದ ಉಪಾಯ. ಬಾಳೆಮೊಗ್ಗಿನ ಕೆಳಗೆ ಬಂದಾಗ ನಿಂತ್ಕೊಂಡು, ಅಪ್ಪ ಇದು ನಿಂತಿರೋದಾ ನೇತಾಡ್ತಿರೋದಾ ಅಂತ ಕೇಳಿದ್ಲು. ಮನೇಲಿ ನಾನು ಹೇಳೋದು ಕೇಳಿ ಕೇಳಿ ಅಭ್ಯಾಸ ಅವಳಿಗೆ. ಸುತ್ತಿನ ಕಲ್ಲೆಲ್ಲಾ ನಿಂತಿದೆ ಕಂದ, ಆ ನಿಂತಿರೋದನ್ನ ನಂಬ್ಕೊಂಡು ಮಧ್ಯದ ಮೊಗ್ಗು ನೇತಾಡ್ತಿದೆ ಅಂದೆ. ಅವಳು ಒಂದು ಸಲ ಫೋನ್ ನೋಡಿ, ಒಂದು ಸಲ ಕತ್ತೆತ್ತಿ ನೋಡಿ, ಎರಡೂ ಇದ್ಯಾ ಹಾಗಾದ್ರೆ ಅಂತ ಮುಂದಿನದಕ್ಕೆ ಹೋದ್ಲು. ಹನ್ನೊಂದು ಎಣಿಸೋ ಹೊತ್ತಿಗೆ ಬಾಗಿಲು ಹಾಕೋ ಟೈಮಾಯ್ತು ಅಂತ ಕರೆದ್ರು. ಇನ್ನೂ ಐದು ಬಾಕಿ ಇದೆ, ದಸರಾ ರಜಕ್ಕೆ ಬರೋಣ ಅಂದಿದೀನಿ, ಈ ಸಲ ಹಾಸೋಕೆ ಒಂದು ಟವಲ್ ತರ್ಬೇಕು.